ಕರಣಿ ನಮಗೆ ಬಿಡಿ, ನೀರಿನ ಪೈಪು ನೀವು ಹಿಡಿಯಿರಿ

ಮಾನ್ಯ ಸಂಪಾದಕರೇ,

ಮೇಸ್ತ್ರಿ, ಗುತ್ತಿಗೆದಾರ ಅಂತ ಯಾರ ಹಂಗೂ ಇಲ್ಲದೆ, ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡೇ ಮನೆ ಕಟ್ಟಬಹುದು ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ನಾನು ದಾವಣಗೆರೆಯ ನಿಟುವಳ್ಳಿಯ ಗಾರೆ ಮೇಸ್ತ್ರಿ. ಹುಡುಗನಾಗಿದ್ದಾಗಲೇ ಬಾಂಡ್ಲಿ ಹೊತ್ತವನು. ಆ ಪತ್ರ ಓದಿ ನನಗೆ ಸಿಟ್ಟೇನೂ ಬರಲಿಲ್ಲ. ಅವರ ಮಾತು ಅರ್ಧ ಸರಿ. ಆದರೆ ಯಾವ ಅರ್ಧ ಅನ್ನೋದನ್ನು ಉಲ್ಟಾ ಹಿಡಿದಿದ್ದಾರೆ.

‘ನಾನೇ ಕಟ್ಟಿದೆ’ ಅನ್ನುವವರು ಯಾರೂ ಇಟ್ಟಿಗೆ ಹೊರುವುದಿಲ್ಲ. ಬೆಳಗ್ಗೆ ಸರ್ಕಲ್ಲಿನಲ್ಲಿ ಕೂಲಿಗೆ ನಿಂತವರನ್ನು ಕರೆದುಕೊಂಡು ಬರುತ್ತಾರೆ. ಮೇಸ್ತ್ರಿಯ ಕೂಲಿ ಒಂದು ಉಳಿಯುತ್ತದೆ, ಅಷ್ಟೇ. ಅವನ ಜಾಗದಲ್ಲಿ ಇವರು ನಿಲ್ಲುತ್ತಾರೆ. ಅಲ್ಲಿ ನಿಂತ ಮೇಲೆ ಆಳುಗಳಿಗೆ ಏನು ಹೇಳಬೇಕು ಅನ್ನೋದು ಗೊತ್ತಿರಬೇಕಲ್ವಾ?

ಪಾಯದ ಮಾತೇ ತಗೊಳ್ಳಿ. ದುರ್ಗದ ಕಡೆ ಎಷ್ಟೋ ಜಾಗಗಳಲ್ಲಿ ಎರಡು ಮೂರು ಅಡಿ ತೋಡಿದರೆ ಗಟ್ಟಿ ನೆಲ ಸಿಗುತ್ತದೆ. ನಮ್ಮೂರಲ್ಲಿ ಹಾಗಲ್ಲ. ಬಹಳಷ್ಟು ಬಡಾವಣೆಗಳು ಎದ್ದಿರುವುದು ಎರೆ, ಅಂದರೆ ಕಪ್ಪು ಮಣ್ಣಿನ, ಹೊಲದ ಮೇಲೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲಿನ ಮನೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಎರೆ ಮಣ್ಣು ದಾಟಿ ಕೆಳಗಿನ ಗಟ್ಟಿ ಗರಸು ಸಿಗುವ ತನಕ ತೋಡಬೇಕು. ಪಾಯದಿಂದ ತೆಗೆದ ಅದೇ ಎರೆಯನ್ನು ಒಳಗೆ ತುಂಬಬಾರದು. ಬೇರೆ ಯಾವುದೋ ಊರಿನ ಕೆಂಪು ಮಣ್ಣಿನಲ್ಲಿ ತೆಗೆದ ವಿಡಿಯೊದವನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಕೊಂಡಜ್ಜಿ ರಸ್ತೆ ಕಡೆಯ ಒಂದು ಸೈಟಿಗೆ ನನ್ನನ್ನು ಕರೆದಿದ್ದರು. ಯಜಮಾನರು ತಾವೇ ನಿಂತು ಕಾಲಂ ಹಾಕಿಸಿದ್ದರು. ಹಲಗೆ ಬಿಚ್ಚಿದ ಮೇಲೆ ಕಾಲಮ್ಮಿನ ಬುಡ ನೋಡಿದರೆ ಶೇಂಗಾ ಚಿಕ್ಕಿಯ ಹಾಗೆ ಬರೀ ಜಲ್ಲಿ. ನಡುವೆ ಬೆರಳು ತೂರಿಸಿದರೆ ಒಳಗಿನ ಕಂಬಿ ಸಿಕ್ಕಿತು. ಆಗಿದ್ದು ಇಷ್ಟೇ: ಕಾಂಕ್ರೀಟು ಗಟ್ಟಿಯಾಯಿತು ಅಂತ ಆಳುಗಳು ಅಂದಾಗೆಲ್ಲ ಇವರು ಒಂದೊಂದು ಕೊಡ ನೀರು ಸುರಿಸಿದ್ದಾರೆ. ಹಲಗೆಯ ಸಂದಿಯಿಂದ ಸಿಮೆಂಟು ನೀರೆಲ್ಲ ಸೋರಿ ಹೋಗಿದೆ. ಕಾಂಕ್ರೀಟನ್ನು ಅದುರಿಸಿ ಒತ್ತಾಗಿ ಕೂರಿಸುವ ವೈಬ್ರೇಟರ್ ತರಿಸಿಲ್ಲ, ಕಂಬಿಯಿಂದ ತಿವಿದೂ ಇಲ್ಲ. 50 ಕೆಜಿಯ ಒಂದು ಚೀಲ ಸಿಮೆಂಟಿಗೆ, ಮನೆಗಳಿಗೆ ಹಾಕುವ ಎಂ-20 ದರ್ಜೆಯ ಕಾಂಕ್ರೀಟಿನಲ್ಲಿ, ನೀರು 30 ಲೀಟರ್ ದಾಟಬಾರದು.

‘ಪ್ಲಾಸ್ಟರಿಂಗ್ ಮಾಡಿದರೆ ಮುಚ್ಚಿ ಹೋಗಲ್ವಾ ಮೇಸ್ತ್ರಿ?’ ಅಂತ ಕೇಳಿದರು.

‘ಮುಚ್ಚಿ ಹೋಗುತ್ತೆ ಸರ್. ಮನೆ ಪ್ಲಾಸ್ಟರಿಂಗ್ ಮೇಲೆ ನಿಲ್ಲಬೇಕಲ್ಲ’ ಅಂದೆ.

ಎಂಜಿನಿಯರು ಬಂದು ನೋಡಿ ಆ ಕಾಲಂ ಒಡೆಸಿದರು. ಅಲ್ಲಿಗೆ ಮೇಸ್ತ್ರಿಯ ಕೂಲಿ ಉಳಿಸಿದ ಲೆಕ್ಕ ಮುಗಿಯಿತು.

ಹಾಗಂತ ನೀರು ಜಾಸ್ತಿ ಹಾಕುವುದು ಮನೆಯವರು ಮಾತ್ರ ಅಂತ ಅಲ್ಲ. ನಮ್ಮವರಲ್ಲೂ ಬೇಕಾದಷ್ಟು ಜನ ಇದ್ದಾರೆ. ತೆಳ್ಳಗಿದ್ದರೆ ಎಳೆಯುವುದು ಸಲೀಸು, ಬೇಗ ಮುಗಿಯುತ್ತದೆ. ಅದಕ್ಕೇ ಮನೆಯವರು ಅಲ್ಲಿ ಇರಬೇಕು ಅನ್ನೋದು.

ಸರಸ್ವತಿ ನಗರದ ಒಬ್ಬ ಟೀಚರಮ್ಮನ ಮನೆ ಕಟ್ಟಿದೆ. ಅವರು ಕರಣಿ ಮುಟ್ಟಲಿಲ್ಲ. ಆದರೆ ಕಂಬಿಯ ಲೋಡು ಬಂದ ದಿನ ನೋಟ್‌ಬುಕ್ ಹಿಡಿದು ಗೇಟಿನಲ್ಲಿ ನಿಂತರು. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ತಗೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಬರುತ್ತದೆ. 12 ಎಂಎಂ ಕಂಬಿ 12 ಮೀಟರ್ ಉದ್ದಕ್ಕೆ ಸುಮಾರು 10.7 ಕೆಜಿ ತೂಗಬೇಕು. ಕಂಬಿ ಎಣಿಸಿ, ಗುಣಿಸಿ, ಬಿಲ್ಲಿನ ಜೊತೆ ತಾಳೆ ನೋಡಿದರು. ತಾಳೆ ಆಗಲಿಲ್ಲ. ಅಂಗಡಿಯವನು ಮರುಮಾತಿಲ್ಲದೆ ಉಳಿದ ಕಂಬಿ ಕಳಿಸಿದ. ಸಿಮೆಂಟು ಚೀಲದ ಮೇಲಿನ ತಾರೀಕನ್ನೂ ಓದುತ್ತಿದ್ದರು. ಮೂರು ತಿಂಗಳು ದಾಟಿದ ಸಿಮೆಂಟು ಇಳಿಸಿಕೊಳ್ಳುತ್ತಿರಲಿಲ್ಲ. ನನಗೂ ಆ ಮನೆಯಲ್ಲಿ ಕೆಲಸ ಸುಲಭವಾಯಿತು ಅಂತ ಹೇಳಲೇಬೇಕು.

ಇನ್ನು ಹಾಕಿದ ಕಾಂಕ್ರೀಟು ಬಲಿಯಲಿ ಅಂತ ಮೇಲಿಂದ ನೀರು ಹೊಡೆಯುವುದು. ಇದು ನಿಜವಾಗಿ ಮನೆಯವರದೇ ಕೆಲಸ. ನಮ್ಮ ಹುಡುಗ ಒಮ್ಮೆ ಪೈಪು ಹಿಡಿದು ನೆನೆಸಿ ಬೇರೆ ಸೈಟಿಗೆ ಹೋಗುತ್ತಾನೆ. ಏಪ್ರಿಲ್ ಬಿಸಿಲಿಗೆ ಅದು ಅರ್ಧ ಗಂಟೆಯಲ್ಲಿ ಒಣಗುತ್ತದೆ. ಈಗ ಹೆಚ್ಚಿನವರು ತರುವುದು ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟು. ಅದಕ್ಕೆ ಕನಿಷ್ಠ 10 ದಿನ ತೇವ ಆರದಂತೆ ನೋಡಿಕೊಳ್ಳಬೇಕು. 14 ದಿನ ಮಾಡಿದರೆ ಇನ್ನೂ ಒಳ್ಳೆಯದು. ಆರ್‌ಸಿಸಿ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಕಾಲಮ್ಮಿಗೆ ಗೋಣಿ ಚೀಲ ಸುತ್ತಿ ಒದ್ದೆ ಇಡಿ. ಮನೆಯ ಅಜ್ಜನಿಗೋ ಕಾಲೇಜು ಹುಡುಗನಿಗೋ ಈ ಕೆಲಸ ವಹಿಸಿದರೆ ನನ್ನ ಯಾವ ಆಳೂ ಅವರಷ್ಟು ಚೆನ್ನಾಗಿ ಮಾಡಲಾರ.

ಸೆಂಟ್ರಿಂಗ್, ಅಂದರೆ ಕಾಂಕ್ರೀಟು ಗಟ್ಟಿಯಾಗುವ ತನಕ ಕೆಳಗೆ ಹೊತ್ತು ನಿಲ್ಲುವ ಶೀಟು, ಕಂಬ ಬಿಚ್ಚುವಾಗಲೂ ನೀವೇ ಗಟ್ಟಿಯಾಗಿ ನಿಲ್ಲಬೇಕು. ಸೆಂಟ್ರಿಂಗಿನವನಿಗೆ ಆ ಶೀಟು, ಕಂಬಗಳು ಇನ್ನೊಂದು ಸೈಟಿಗೆ ಬೇಕಿರುತ್ತವೆ, ಅವಸರ ಮಾಡುತ್ತಾನೆ. ಸ್ಲ್ಯಾಬಿನ ಕೆಳಗಿನ ಆಧಾರ ಕಂಬಗಳನ್ನು ಗೋಡೆಯಿಂದ ಗೋಡೆಗೆ ಅಥವಾ ಬೀಮಿನಿಂದ ಬೀಮಿಗೆ 4.5 ಮೀಟರ್ ಅಂತರದ ತನಕ 7 ದಿನ, ಅದಕ್ಕೂ ಹೆಚ್ಚಾದರೆ 14 ದಿನ ಬಿಡಬೇಕು ಅಂತ ಕಾಂಕ್ರೀಟು ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಅದು ಕಡಿಮೆಯೆಂದರೆ. ಬೀಮಿಗೆ ಇನ್ನೂ ಜಾಸ್ತಿ. ಬೇಡ ಅನ್ನುವ ಹಕ್ಕು ದುಡ್ಡು ಕೊಟ್ಟವರದು, ಬಳಸಿಕೊಳ್ಳಿ.

ಬಣ್ಣ, ಪುಟ್ಟಿ ನಿಮಗೆ ಇಷ್ಟವಿದ್ದರೆ ಧಾರಾಳವಾಗಿ ಮಾಡಿಕೊಳ್ಳಿ. ಕರೆಂಟು ಬೇಡ. ಲೈಸೆನ್ಸ್ ಇರುವವರಿಂದಲೇ ಮಾಡಿಸಿ, ಅರ್ಥಿಂಗ್ ಮರೆಯಬೇಡಿ. ಹಾಗೇ ಕಾಲಮ್ಮಿನ ಅಳತೆ, ಕಂಬಿಯ ಲೆಕ್ಕ ಎಂಜಿನಿಯರಿಂದ ಬರಲಿ. ‘ನಾನು ನೂರು ಮನೆ ಕಟ್ಟಿದೀನಿ, ಎಂಜಿನಿಯರ್ ಯಾಕೆ’ ಅನ್ನುವ ಮೇಸ್ತ್ರಿ ಸಿಕ್ಕರೆ ಅವನಿಗೆ ಒಂದು ಟೀ ಕುಡಿಸಿ ಕಳಿಸಿಬಿಡಿ.

ದುಡ್ಡಿನ ಜಗಳಗಳಿಗೆ ಮೂಲ ಒಂದೇ. ‘ಚದರಕ್ಕೆ (ನೂರು ಚದರ ಅಡಿಗೆ) ಎಷ್ಟು?’ ಅಂತ ಕೇಳುತ್ತಾರೆ, ಬಾಯಿಮಾತಲ್ಲಿ ಮುಗಿಸುತ್ತಾರೆ. ಸಂಪು, ಮೆಟ್ಟಿಲು, ಸಜ್ಜಾ, ಕಾಂಪೌಂಡು ಅದರಲ್ಲಿ ಸೇರಿದೆಯೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕೆಲಸ ಆದಷ್ಟು ಹಣ ಕೊಡಿ, ಮುಂದಾಗಿ ಕೊಡಬೇಡಿ. ಆದರೆ ಶನಿವಾರದ ಬಟವಾಡೆ ನಿಲ್ಲಿಸಬೇಡಿ. ನಿಮಗೂ ಮೇಸ್ತ್ರಿಗೂ ಜಗಳವಾದರೆ ಅದರಲ್ಲಿ ಬಾಂಡ್ಲಿ ಹೊತ್ತ ಹೆಣ್ಣುಮಕ್ಕಳ ತಪ್ಪೇನಿದೆ? ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಇದೆಯಾ ಅಂತ ಆಳುಗಳನ್ನು ಕೇಳಿ. ಮೇಲಿಂದ ಬಿದ್ದರೆ ಅವರ ಕುಟುಂಬಕ್ಕೆ ಆಸರೆ ಆಗುವುದು ಅದು. ಕಾರ್ಡು ಮಾಡಿಸಲು 90 ದಿನ ಕೆಲಸ ಮಾಡಿದ್ದಕ್ಕೆ ದೃಢೀಕರಣ ಬೇಕು. ಕೇಳಿದರೆ ಒಂದು ಸಹಿ ಹಾಕಿಕೊಡಿ.

ಕೊನೆಗೆ ನನ್ನದೊಂದು ಕೋರಿಕೆ ಇದೆ. ದೊಡ್ಡ ಕಟ್ಟಡಗಳಲ್ಲಿ ಕಾಂಕ್ರೀಟು ಹಾಕುವಾಗ 15 ಸೆಂಟಿಮೀಟರಿನ ಕ್ಯೂಬು ಮಾಡಿ, 28 ದಿನದ ಮೇಲೆ ಅದು ಎಷ್ಟು ಭಾರ ತಡೆಯುತ್ತದೆ ಅಂತ ಒತ್ತಿ ಪರೀಕ್ಷೆ ಮಾಡುತ್ತಾರೆ. 30×40 ಸೈಟಿನ ಮನೆಗೆ ಯಾರೂ ಮಾಡಿಸುವುದಿಲ್ಲ. ನಮ್ಮೂರಲ್ಲಿ ಯುಬಿಡಿಟಿ, ಬಿಐಇಟಿಯಂಥ ಎಂಜಿನಿಯರಿಂಗ್ ಕಾಲೇಜುಗಳಿವೆ. ಸಣ್ಣ ಮನೆ ಕಟ್ಟುವವರ ಕ್ಯೂಬನ್ನು ಕಡಿಮೆ ಖರ್ಚಿನಲ್ಲಿ ಪರೀಕ್ಷಿಸಿ ಕೊಡಲಿ. ಸಿವಿಲ್ ಓದುವ ಮಕ್ಕಳನ್ನು ಆರ್‌ಸಿಸಿ ಹಾಕುವ ದಿನ ಸೈಟಿಗೆ ಕಳಿಸಲಿ. ನನ್ನ ಸೈಟಿನಿಂದಲೇ ಶುರು ಮಾಡುವುದಾದರೂ ಸರಿ, ಮಧ್ಯಾಹ್ನದ ಊಟ ಮನೆಯವರು ಹೇಗೂ ಹಾಕಿಸುತ್ತಾರೆ.

– ಒಬ್ಬ ಗಾರೆ ಮೇಸ್ತ್ರಿ, ನಿಟುವಳ್ಳಿ, ದಾವಣಗೆರೆ