ಮುಖಕ್ಕೆ ಮಸಿ ಬಳಿದರೆ ಸಂಸ್ಕೃತಿ ಪಾಠವೇ?

ಮಾನ್ಯ ಸಂಪಾದಕರೇ,

ಕಳೆದ ಶನಿವಾರ ನಮ್ಮ ಮೈದಾನದಲ್ಲಿ ನಡೆದ ಪರಿಸರ ಮತ್ತು ಸಂಸ್ಕೃತಿ ವೈವಿಧ್ಯದ ಶಾಲಾ ಮೇಳವನ್ನು ತಮ್ಮ ವರದಿಗಾರರು ‘ವರ್ಣರಂಜಿತ’ ಎಂದು ಬಣ್ಣಿಸಿದ್ದಾರೆ. ಬಣ್ಣವಿದ್ದದ್ದು ನಿಜ. ನಮ್ಮ ಜಿಲ್ಲೆಯ ಸಿದ್ದಿ ಬುಡಕಟ್ಟಿನ ನೃತ್ಯವೆಂದು ವೇದಿಕೆ ಹತ್ತಿಸಿದ ಆರು ಮಕ್ಕಳ ಮುಖಕ್ಕೆ ಮೆತ್ತಿದ್ದ ಮಸಿ ಬೆವರಿಗೆ ಕರಗಿ ಅಂಗಿಯವರೆಗೆ ಇಳಿದಿತ್ತು. ಅವರಲ್ಲೊಬ್ಬ ನನ್ನ ಮೊಮ್ಮಗ. ಎರಡು ದಿನ ತೆಂಗಿನೆಣ್ಣೆ ಹಚ್ಚಿ ಉಜ್ಜಿದರೂ ಅವನ ಕಿವಿಯ ಹಿಂದಿನದು ಇನ್ನೂ ಹೋಗಿಲ್ಲ.

ಬೆಳಿಗ್ಗೆ 7 ಗಂಟೆಗೆ ಮಕ್ಕಳನ್ನು ಕರೆತರಬೇಕೆಂದು ಕಟ್ಟಪ್ಪಣೆಯಾಗಿತ್ತು. ಉದ್ಘಾಟಿಸಬೇಕಾದ ಅಧಿಕಾರಿಗಳು ದಯಮಾಡಿಸಿದ್ದು 10.30ಕ್ಕೆ. ಅಲ್ಲಿಯವರೆಗೆ ಶಾಮಿಯಾನದ ನೆರಳು ಗಣ್ಯರ ಖಾಲಿ ಕುರ್ಚಿಗಳಿಗೆ ಮೀಸಲಾಗಿದ್ದರಿಂದ, ಮಕ್ಕಳೂ ಮಂಡಿನೋವಿನ ನನ್ನಂಥವರೂ ಬಿಸಿಲಿನಲ್ಲೇ ನಿಂತೆವು. ವೇಷದ ಬಾಡಿಗೆ 400 ರೂಪಾಯಿ, ರಿಕ್ಷಾ ಬೇರೆ. ಪರಿಸರ ರಕ್ಷಣೆಯ ಭಾಷಣದ ಜೊತೆಗೆ ನಮಗೆ ದೊರೆತದ್ದು ಪ್ಲಾಸ್ಟಿಕ್ ಲೋಟದ ಶರಬತ್ತು.

ಸಿದ್ದಿಗಳೆಂದರೆ ಯಾರು ಎಂದು ಮೊಮ್ಮಗನನ್ನು ಕೇಳಿದರೆ, ‘ಕಾಡಿನಲ್ಲಿ ಕುಣಿಯುವವರು’ ಎಂದ. ಆಫ್ರಿಕಾ ಮೂಲದ ಅವರ ಹಿರಿಯರಲ್ಲಿ ಅನೇಕರು ಪೋರ್ಚುಗೀಸರ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳದ ಕಾಡು ಸೇರಿದರೆಂಬುದನ್ನಾಗಲಿ, ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆಂಬುದನ್ನಾಗಲಿ, ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು ಅವರು 2003ರವರೆಗೆ ಕಾಯಬೇಕಾಯಿತೆಂಬುದನ್ನಾಗಲಿ ಯಾರೂ ಆ ಮಗುವಿಗೆ ಹೇಳಿಲ್ಲ. ಅವನ ತರಗತಿಯಲ್ಲೇ ಹೆಂಗಸರು ಕೊರಳ ತುಂಬ ಮಣಿಸರ ಧರಿಸುವ ನಮ್ಮ ಜಿಲ್ಲೆಯ ಹಾಲಕ್ಕಿ ಒಕ್ಕಲಿಗ ಸಮುದಾಯದ ಹುಡುಗಿಯೊಬ್ಬಳಿದ್ದಾಳೆ. ಎತ್ತರವಾಗಿದ್ದಾಳೆಂದು ಅವಳಿಗೆ ಪಂಜಾಬಿ ವೇಷ ಹಾಕಿಸಿ, ಪೇಟೆಯ ಹುಡುಗಿಯೊಬ್ಬಳ ಕೊರಳಿಗೆ ಪ್ಲಾಸ್ಟಿಕ್ ಮಣಿ ತುಂಬಿ ಹಾಲಕ್ಕಿ ಮಾಡಿದರು! ಆ ಹಾಲಕ್ಕಿ ಹುಡುಗಿಯ ಅಜ್ಜಿಯನ್ನೇ ಕರೆಸಿ ನಾಲ್ಕು ಹಾಡು ಹೇಳಿಸಿದ್ದರೆ ಬಾಡಿಗೆಯೂ ಉಳಿಯುತ್ತಿತ್ತು. ವೇದಿಕೆಯ ಹಿಂದೆ, ಸಾವಿರಾರು ಗಿಡ ನೆಟ್ಟು ಬೆಳೆಸಿದ ಹಾಲಕ್ಕಿ ಅಜ್ಜಿ ತುಳಸಿ ಗೌಡರ ದೊಡ್ಡ ಚಿತ್ರವೇನೋ ಇತ್ತು. ಅವರಿಗೆ ಪದ್ಮಶ್ರೀ ಏಕೆ ಬಂತೆಂದು ಹೇಳುವಷ್ಟು ಬಿಡುವು ಭಾಷಣಕಾರರಿಗಿರಲಿಲ್ಲ.

ಇದ್ದುದರಲ್ಲಿ ಒಳ್ಳೆಯದೆಂದರೆ ಮಧ್ಯಾಹ್ನ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಗಜನಿಗೆ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗೆ, ಕರೆದೊಯ್ಯುವ ಏರ್ಪಾಟು. ತಡವಾಯಿತೆಂದು ರದ್ದು ಮಾಡಿದ್ದು ಅದನ್ನೇ. ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗ ಭತ್ತವನ್ನು ಮಳೆಗಾಲದಲ್ಲಿ ಬೆಳೆದು, ಕೊಯ್ಲಾದ ಮೇಲೆ ಅದೇ ಗದ್ದೆಗೆ ಭರತದ, ಅಂದರೆ ಸಮುದ್ರದ ಉಬ್ಬರದ, ನೀರು ಬಿಟ್ಟು ಸಿಗಡಿ, ಮೀನು ಹಿಡಿಯುವ ಮಾಣಿಕಟ್ಟೆಯ ರೈತರನ್ನು ಅರ್ಧ ಗಂಟೆ ಮಾತನಾಡಿಸಿದ್ದರೆ, ನೆಲ ಮತ್ತು ನೀರು ಮನುಷ್ಯನ ಊಟವನ್ನೂ ದುಡಿಮೆಯನ್ನೂ ಹೇಗೆ ನಿರ್ಧರಿಸುತ್ತವೆಂಬುದು ಮಕ್ಕಳಿಗೆ ತಾನಾಗಿಯೇ ತಿಳಿಯುತ್ತಿತ್ತು. ಬಹುಶಃ ಹೋಗದಿದ್ದದ್ದೇ ಕ್ಷೇಮ. ನಮ್ಮ ಪಾಲಿನ ಗಜನಿಯಲ್ಲಿ ಉಪ್ಪುನೀರು ತಡೆಯುವ ಹಲಗೆ ಬಾಗಿಲು ಮುರಿದಿದೆಯೆಂದು ನಾವು ಮೂರು ಅರ್ಜಿ ಕೊಟ್ಟಿದ್ದೇವೆ. ಹಿಂದಿನ ಅಧಿಕಾರಿ ‘ಪರಿಶೀಲಿಸಲಾಗುವುದು’ ಎಂದು ಬರೆದು ವರ್ಗವಾಗಿ ಹೋದರು. ಅವರಿಗಿಂತ ಹಿಂದಿನವರು ಅಷ್ಟನ್ನೂ ಬರೆದಿರಲಿಲ್ಲ.

ಆದ್ದರಿಂದ ಸಂಬಂಧಪಟ್ಟವರು ಇಂಥ ಮೇಳಗಳನ್ನು ಕೂಡಲೇ ನಿಲ್ಲಿಸಬೇಕು, ನಿಲ್ಲಿಸದಿದ್ದರೆ ಸರಿಯಾಗಿಯಾದರೂ ನಡೆಸಬೇಕು, ಗಜನಿಯ ಬಾಗಿಲನ್ನೂ ನೋಡಬೇಕು. ಮಕ್ಕಳ ಮುಖಕ್ಕೆ ಮಸಿ ಬಳಿಯಲು ಹೇಳಿದವರು ಯಾರೆಂದು ಕೇಳಿದರೆ ಶಾಲೆಯವರು ಇಲಾಖೆಯತ್ತ, ಇಲಾಖೆಯವರು ಶಾಲೆಯತ್ತ ಕೈತೋರಿಸುತ್ತಿದ್ದಾರೆ. ಇಬ್ಬರಿಗೂ ನಾಚಿಕೆಯಾಗಬೇಕು.

– ಒಬ್ಬ ಅಜ್ಜ, ಕುಮಟಾ ತಾಲ್ಲೂಕು