ಹೊಲದಾಗ ಕರಗಿದ ಅಪ್ಪ

ಚಿ. ತಂಗಿಗೆ ಆಶೀರ್ವಾದಗಳು.

ನಿನ್ನ ಕಥೆ, ಅದರ ಜೊತೆಗಿನ ಪತ್ರ ಎರಡನ್ನೂ ಓದಿದೆ. ಮೊದಲ ಪುಟದಲ್ಲೇ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು: ‘ಮಟಮಟ ಮಧ್ಯಾಹ್ನ ಅಪ್ಪ ಎರಿ ಹೊಲದಲ್ಲಿ ಕರಗುತ್ತಿದ್ದ.’ ಎಂಥಾ ಮಾತು ಅಂದುಕೊಂಡು ಪೆನ್ಸಿಲಿನಿಂದ ಗೆರೆ ಎಳೆದೆ. ಆರನೇ ಪುಟಕ್ಕೆ ಬಂದರೆ ‘ಎರಡು ಸಲ ಕರಗಿದ ಮೇಲೆ ಬಿತ್ತಗಿ’ ಅಂತಿದೆ! ಆಗ ಹೊಳೆಯಿತು, ನಿನ್ನಪ್ಪ ಹರಗುತ್ತಿದ್ದ. ಕುಂಟಿ ಹೂಡಿ, ಎತ್ತುಗಳ ಹಿಂದೆ ನಡೆಯುತ್ತ, ಹೆಂಟೆ ಒಡೆಯುತ್ತಿದ್ದ.

ಪತ್ರದ ಕೊನೆಗೆ ನೀನೇ ಹೇಳಿದ್ದೀಯ. ಮೊಬೈಲ್ ಹಾಗೆ ತಿದ್ದಿತು, ಗೆಳತಿಯರೂ ಮೇಷ್ಟ್ರೂ ಆ ಸಾಲನ್ನೇ ಹೊಗಳಿದರು, ಬಿಟ್ಟುಬಿಟ್ಟೆ ಅಂತ. ಈ ಆಟೋಕರೆಕ್ಟಿನ ಕಾಟಕ್ಕೆ ಬರೆಯುವುದೇ ಬೇಡ ಅನ್ನಿಸಿದೆ ಅಂತಲೂ.

ಕಥೆ ಎಷ್ಟುದ್ದ ಇರಬೇಕು, ಎಲ್ಲಿಗೆ ಕಳಿಸಬೇಕು ಎಂಬುದನ್ನೆಲ್ಲ ಬೇರೆ ಯಾರಾದರೂ ಹೇಳಿಯಾರು. ತಾನಾಗಿ ತಿದ್ದುವುದನ್ನು ಕೀಬೋರ್ಡಿನ ಸೆಟ್ಟಿಂಗಿನಲ್ಲಿ ನಿಲ್ಲಿಸಬಹುದು, ಅದೂ ಐದು ನಿಮಿಷದ ಕೆಲಸ. ನನ್ನ ತಕರಾರು ಬೇರೆ.

ನಿನ್ನ ಕಥೆಯಲ್ಲಿ ‘ಬುತ್ತಿ’ ಹೋಗಿ ‘ಬುಟ್ಟಿ’ ಆಗಿದೆ. ಆಗಲಿ, ಅವ್ವ ಬುಟ್ಟಿ ಬಿಚ್ಚಿ ರೊಟ್ಟಿ ಕೊಟ್ಟಳು ಅಂದರೆ ಓದುವವರೇ ಸರಿಮಾಡಿಕೊಳ್ಳುತ್ತಾರೆ. ಅರ್ಥ ಕೂಡಿಬರುವ ತಪ್ಪಿಗೆ ಹೆದರು, ತಂಗಿ. ಸಾಯುವ ಹೊತ್ತಿಗೆ ಅಜ್ಜಿ ‘ನಾನು ಹೋಗಿ ಬರುತ್ತೇನೆ’ ಅನ್ನುತ್ತಾಳಲ್ಲ, ಅದು ಅಜ್ಜಿ ಆಡಿದ್ದೋ, ಮೊಬೈಲ್ ಮುಂದಿಟ್ಟಿದ್ದೋ? ‘ಬರ್ತೇನಿ’ ಅನ್ನದೆ ‘ಬರುತ್ತೇನೆ’ ಅಂದವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ?

ಮೊಬೈಲಿನಲ್ಲಿ ಪದದ ಕೆಳಗೆ ತಪ್ಪೆನ್ನುವ ಕೆಂಪು ಗೆರೆ ಬಿತ್ತು ಅಂತ ಬದಲಿಸಿದೆ ಅನ್ನುತ್ತೀಯ. ಆ ಗೆರೆಗೆ ಗೊತ್ತಿರುವುದು ಒಂದು ಪದಪಟ್ಟಿ. ನಮ್ಮ ಭಾಷೆಯೋ ಅಂಟಿಸುತ್ತ ಹೋಗುವ ಭಾಷೆ. ‘ಬರು’ ಅನ್ನುವುದಕ್ಕೆ ಕಾಲ, ಲಿಂಗ, ಅನುಮಾನ ಎಲ್ಲ ಸೇರಿ ‘ಬಂದಾಳು’, ‘ಬಂದಿದ್ದಳಂತೆ’, ‘ಬರಬೇಕಾಗಿತ್ತೇನೋ’ ಅಂತ ನೂರಾರು ರೂಪಗಳಾಗುತ್ತವೆ. ಅಷ್ಟನ್ನೂ ಯಾವ ಪಟ್ಟಿಯಲ್ಲಿ ತುಂಬುತ್ತಾರೆ? ಶುದ್ಧ ಗ್ರಂಥಸ್ಥ ಕನ್ನಡಕ್ಕೂ ಗೆರೆ ಬೀಳುತ್ತದೆ ಅಂದಮೇಲೆ ಗದಗಿನ ಕಡೆಯ ಮಾತಿಗೆ ಬೀಳದೆ ಇದ್ದೀತೇ? ಕಿಟೆಲ್ ಸಾಹೇಬರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಪದ. ಜರ್ಮನಿಯಿಂದ ಬಂದ ಪಾದ್ರಿ ನಮ್ಮ ಜನರ ಆಡುಮಾತನ್ನೂ ಗಾದೆಯನ್ನೂ ಬಿಡದೆ ಬರೆದಿಟ್ಟ. ಆ ಮಾತಿನ ಮನೆಯಲ್ಲೇ ಹುಟ್ಟಿದ ನೀನು ಒಂದು ಗೆರೆಗೆ ಅಂಜಿ ಅಳಿಸುತ್ತೀಯಾ?

ನನಗೆ ಇಷ್ಟು ಸಿಟ್ಟು ಬರಲು ಕಾರಣವಿದೆ. 1978ರಲ್ಲಿ ನನ್ನ ಮೊದಲ ಕಥೆ ಒಂದು ವಾರಪತ್ರಿಕೆಯಲ್ಲಿ ಬಂತು. ‘ಹೊತ್ತು ಮುಣಗೇತಿ, ಒಳಗ ಬಾ’ ಅಂತ ಕಥೆಯ ಅವ್ವ ಮಗನನ್ನು ಕರೆಯುವ ಕಡೆ, ಅಚ್ಚಿನಲ್ಲಿ ‘ಸೂರ್ಯಾಸ್ತವಾಗಿದೆ, ಒಳಗೆ ಬಾ’ ಅಂತಿತ್ತು. ಆ ಮಾತು ನನ್ನ ಅವ್ವನದೇ. ಆಕೆಗೆ ಓದು ಬರುತ್ತಿರಲಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಗ ಇಡೀ ಕಥೆ ಓದಿ ಹೇಳಿದೆ. ಆ ಸಾಲು ಬಂದಾಗ ಬಡಿಯುವ ಕೈ ನಿಲ್ಲಿಸಿ ‘ಈಕಿ ಯಾರೋ, ಹಿಂಗ ಮಾತಾಡಾಕಿ?’ ಅಂತ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಹೆಸರು ಅಚ್ಚಾದ ಖುಷಿ, ಸಂಪಾದಕರಿಗೆ ಒಂದು ಕಾರ್ಡು ಬರೆಯುವ ಧೈರ್ಯವೂ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದು, ನಾಲ್ಕು ವರ್ಷದ ಮೇಲೆ ಸಂಕಲನ ಮಾಡುವಾಗ ತಿದ್ದುವ ಅವಕಾಶ ನನ್ನ ಕೈಯಲ್ಲೇ ಇತ್ತು. ಭಾಷೆ ಹದವಾಗಿದೆ ಅಂತ ಎಲ್ಲರೂ ಹೊಗಳಿದ್ದರಲ್ಲ, ಹಾಗೇ ಬಿಟ್ಟೆ. ಅವ್ವ ಈಗಿಲ್ಲ. ಆ ಪುಸ್ತಕದಲ್ಲಿ ಆಕೆಯ ದನಿ ಎಲ್ಲೂ ಇಲ್ಲ.

ಹಾಗಾಗಿ ಯಂತ್ರದ ಮೇಲೆ ಪೂರ್ತಿ ತಪ್ಪು ಹೊರಿಸಲಾರೆ. ಅದು ಒಂದು ಪದವನ್ನು ಮುಂದಿಡುತ್ತದೆ, ಒಪ್ಪಿಕೊಳ್ಳುವುದು ನಮ್ಮ ಬೆರಳು. ‘ಕರಗುತ್ತಿದ್ದ’ ಚೆಂದದ ಮಾತೇ, ಆದರೆ ನೀನು ಕಂಡದ್ದಲ್ಲ. ನೀನು ಕಂಡದ್ದು ಕುಂಟಿ, ಧೂಳು, ಅಪ್ಪನ ಹಿಮ್ಮಡಿ. ಹೊಗಳಿದವರಿಗೆ ಬೇಸರವಾದರೆ ಆಗಲಿ, ಆ ಸಾಲು ತೆಗೆ.

ಬರೆಯುವುದನ್ನು ಬಿಡುತ್ತೇನೆ ಅಂತ ಮಾತ್ರ ಇನ್ನೊಮ್ಮೆ ಬರೆಯಬೇಡ. ಬುತ್ತಿ ಬಿಚ್ಚುವ ಆ ಭಾಗವನ್ನು ಎರಡು ಸಲ ಓದಿದ್ದೇನೆ.

ಒಂದು ಕೇಳಬೇಕಿತ್ತು. ನಮ್ಮ ಕಡೆ ಮೊದಲ ಸಲ ಹರಗಿದರೂ ಹರಗೋದೇ, ಎರಡನೇ ಸಲಕ್ಕೂ ಹರಗೋದೇ. ನಿಮ್ಮೂರಾಗ ಎರಡನೇದಕ್ಕೆ ಬೇರೆ ಹೆಸರು ಐತೇನು? ಅಪ್ಪನನ್ನು ಕೇಳಿ, ಅವರು ಹೇಳಿದ ಹಾಗೇ ಬರೆದು ಕಳಿಸು.