ಮುರ್ಗ್ ಕಣಿವೆಯ ಜಲ್ಲಿ ದಾರಿ

ಕಾರ್ಲ್ಸ್‌ರೂಹೆ, ಜರ್ಮನಿ
ಅಕ್ಟೋಬರ್ ತಿಂಗಳ ಎರಡನೆಯ ಭಾನುವಾರ, ರಾತ್ರಿ

ತೀರ್ಥರೂಪ ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನೀವಿಬ್ಬರೂ ಆರೋಗ್ಯವಾಗಿದ್ದೀರಿ, ಊರ್ಡಿಗೆರೆ ಕಡೆ ಮಳೆ ಚೆನ್ನಾಗಿ ಆಗಿದೆ, ಹೊಲದ ರಾಗಿ ತೆನೆ ಬಿಟ್ಟಿದೆ ಎಂದು ತಂಗಿ ತಿಳಿಸಿದಳು. ಕೇಳಿ ಸಮಾಧಾನವಾಯಿತು.

ಕಳೆದ ವಾರ ಫೋನಿನಲ್ಲಿ ಅಪ್ಪ ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಕಾಡಿನೊಳಗೆ ಸೈಕಲ್ ತುಳಿಯುತ್ತೇನೆ ಅನ್ನುತ್ತೀಯಲ್ಲ, ಆ ದಾರಿ ಯಾರು ಮಾಡಿಸಿದ್ದು, ಮಳೆಗೆ ಅದು ಹೇಗೆ ನಿಲ್ಲುತ್ತದೆ?" ಎಂದು ನೀವು ಕೇಳಿದಿರಿ. ಸರ್ವೀಸ್ ಪೂರ್ತಿ ಫಾರೆಸ್ಟ್ ಗಾರ್ಡ್ ಆಗಿ ದೇವರಾಯನದುರ್ಗದ ಕಾಡಿನಲ್ಲಿ ಸೈಕಲ್ ತುಳಿದವರು, ತುಳಿದದ್ದಕ್ಕಿಂತ ಹೆಚ್ಚು ತಳ್ಳಿದವರು ನೀವು. ನಿಮಗೆ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸುವುದು ನನಗೆ ಸರಿಕಾಣಲಿಲ್ಲ. ಅದಕ್ಕೇ ಈ ಪತ್ರ.

ಮೊದಲು ಸೈಕಲ್ಲಿನ ವಿಷಯ. ಇದಕ್ಕೆ ಇಲ್ಲಿ ಗ್ರಾವೆಲ್ ಬೈಕ್ ಎನ್ನುತ್ತಾರೆ. ನೋಡುವುದಕ್ಕೆ ರೇಸ್ ಸೈಕಲ್ಲಿನಂತೆ ಹ್ಯಾಂಡಲ್ ಕೆಳಕ್ಕೆ ಬಾಗಿರುತ್ತದೆ. ಆದರೆ ಟೈರು ದಪ್ಪ, ಬ್ರೇಕು ಡಿಸ್ಕಿನದು, ಕಡಿದಾದ ಏರಿಗೆ ಬೇಕಾದ ಹಗುರ ಗೇರುಗಳಿರುತ್ತವೆ. ನನ್ನ ಸೈಕಲ್ಲಿನ ಟೈರು 40 ಮಿಲಿಮೀಟರ್ ಅಗಲ. ಮೊದಲ ದಿನ ಟೈರಿನ ಮಗ್ಗುಲಲ್ಲಿ ಆ ಅಳತೆಯನ್ನು ಓದಿದಾಗ ಹಜಾರದ ಗೋಡೆಗೆ ಒರಗಿಸಿರುವ ನಿಮ್ಮ ಸೈಕಲ್ ಕಣ್ಣ ಮುಂದೆ ಬಂತು. ಅದರ ಟೈರಿನ ಮೇಲೆ 28 ಇಂಟು ಒಂದೂವರೆ ಎಂದಿರುತ್ತದೆಯಲ್ಲ, ಈಗಿನ ಅಳತೆಯಲ್ಲಿ ಅದರ ಅಗಲವೂ 40 ಮಿಲಿಮೀಟರೇ. ಇಲ್ಲಿನವರು ಈಚೆಗೆ ಹೊಸದಾಗಿ ಮೆಚ್ಚಿಕೊಂಡ ಅಗಲದ ಟೈರಿನ ಮೇಲೆಯೇ ನಮ್ಮ ಜಿಲ್ಲೆಯ ಜನ ಹಾಲಿನ ಕ್ಯಾನು, ಹುಲ್ಲಿನ ಹೊರೆ, ರಾಗಿ ಮೂಟೆ ಎಲ್ಲವನ್ನೂ ಮಣ್ಣುದಾರಿಯಲ್ಲಿ ಸಾಗಿಸಿದ್ದಾರೆ. ವ್ಯತ್ಯಾಸವಿರುವುದು ಗಾಳಿಯಲ್ಲಿ. ನೀವು ಟೈರು ಕಲ್ಲಿನಷ್ಟು ಗಟ್ಟಿಯಾಗುವವರೆಗೆ ಪಂಪು ಒತ್ತುತ್ತಿದ್ದಿರಿ. ಇಲ್ಲಿ ಒಳಗೆ ಟ್ಯೂಬೇ ಇಲ್ಲ. ಹಾಲಿನಂಥ ಒಂದು ದ್ರವವನ್ನು ಹಾಕಿರುತ್ತಾರೆ. ಮುಳ್ಳು ಚುಚ್ಚಿದರೆ ಅದೇ ಹೆಪ್ಪುಗಟ್ಟಿ ತೂತನ್ನು ಮುಚ್ಚುತ್ತದೆ. ಗಾಳಿ 30ರಿಂದ 35 ಪಿಎಸ್‌ಐ ಇದ್ದರೆ ಸಾಕು. ಹೆಬ್ಬೆರಳಿನಿಂದ ಅದುಮಿದರೆ ಸ್ವಲ್ಪ ತಗ್ಗಬೇಕು, ಆಗ ಚಕ್ರ ಕಲ್ಲಿನ ಮೇಲೆ ಪುಟಿಯದೆ ಅದನ್ನು ಹಿಡಿದುಕೊಂಡು ಮುಂದೆ ಸಾಗುತ್ತದೆ.

ನಾನು ಹೋಗುವುದು ಮುರ್ಗ್ ಎಂಬ ಹೊಳೆಯ ಕಣಿವೆಗೆ. ಬ್ಲ್ಯಾಕ್ ಫಾರೆಸ್ಟ್ ಎಂದು ಹೆಸರಾದ ಬೆಟ್ಟಗಾಡಿನ ಉತ್ತರ ಭಾಗದಲ್ಲಿ ಹುಟ್ಟುವ ಈ ಹೊಳೆ ಸುಮಾರು 80 ಕಿಲೋಮೀಟರ್ ಹರಿದು ರಾಸ್ಟಾಟ್ ಪಟ್ಟಣದ ಆಚೆ ರೈನ್ ನದಿಯನ್ನು ಸೇರುತ್ತದೆ. ಬೆಳಗಿನ ರೈಲಿಗೆ ಸೈಕಲ್ಲನ್ನೂ ಹತ್ತಿಸಿಕೊಂಡು ಫ್ರಾಯ್ಡೆನ್‌ಸ್ಟಾಟ್ ಎಂಬ ಊರಿನಲ್ಲಿ ಇಳಿಯುತ್ತೇನೆ. ಅದು ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ, ರಾಸ್ಟಾಟ್ 120 ಮೀಟರಿನ ಆಸುಪಾಸಿನಲ್ಲಿದೆ. ಆದ್ದರಿಂದ ದಿನವೆಲ್ಲ ನೀರು ಹರಿಯುವ ಕಡೆಗೇ ನಮ್ಮ ಪಯಣ. 1928ರಲ್ಲಿ ಪೂರ್ತಿಯಾದ ರೈಲು ಹಳಿ ಕಣಿವೆಯ ಉದ್ದಕ್ಕೂ ಹೊಳೆಯ ಜೊತೆಗೇ ಬರುತ್ತದೆ. ದಣಿವಾದರೂ ಮಳೆ ಬಂದರೂ ಯಾವುದಾದರೂ ಹಳ್ಳಿಯ ನಿಲ್ದಾಣದಲ್ಲಿ ರೈಲು ಹತ್ತಿಬಿಡಬಹುದು. ಇದನ್ನು ಅಮ್ಮನಿಗೆ ಮುಖ್ಯವಾಗಿ ಹೇಳಬೇಕು.

ಹೊಳೆಯ ಪಕ್ಕದಲ್ಲೇ ಗುರುತು ಹಾಕಿದ ಒಂದು ಸೈಕಲ್ ದಾರಿ ಇದೆ, ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಸಂಸಾರಗಳೇ ಅದರಲ್ಲಿ ಬರುತ್ತವೆ. ನನ್ನಂಥವರು ಅಲ್ಲಲ್ಲಿ ಅದನ್ನು ಬಿಟ್ಟು ಎರಡೂ ಮಗ್ಗುಲಿನ ಬೆಟ್ಟಗಳ ಕಾಡುದಾರಿಗೆ ಹತ್ತುತ್ತೇವೆ. ನೀವು ಕೇಳಿದ್ದು ಆ ದಾರಿಯ ವಿಚಾರ. ಅದನ್ನು ಸೈಕಲ್ಲಿಗಾಗಿ ಮಾಡಿಸಿದ್ದಲ್ಲ, ಮರದ ದಿಮ್ಮಿ ಸಾಗಿಸುವ ಲಾರಿಗಳಿಗಾಗಿ ಮಾಡಿಸಿದ್ದು. ಕೆಳಗೆ ದಪ್ಪ ಕಲ್ಲು, ಅದರ ಮೇಲೆ ಸಣ್ಣ ಜಲ್ಲಿ, ಎಲ್ಲಕ್ಕೂ ಮೇಲೆ ಜಲ್ಲಿಪುಡಿ ಹರಡಿ ರೋಲರ್ ಹೊಡೆಸಿರುತ್ತಾರೆ. ಡಾಂಬರು ಇಲ್ಲ. ದಾರಿಯ ನಡುವನ್ನು ಒಂದಿಷ್ಟು ಉಬ್ಬಿಸಿ ಎರಡೂ ಪಕ್ಕಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ಬೆಟ್ಟದ ಕಡೆಗೆ ಚರಂಡಿ, ಅಷ್ಟಷ್ಟು ದೂರಕ್ಕೆ ಒಂದೊಂದು ಮೋರಿ.

ಹೋದ ತಿಂಗಳು ಜೋರು ಮಳೆ ಬಂದ ದಿನ ಅಂಥ ಒಂದು ಮೋರಿಯ ಬಳಿ ಸೈಕಲ್ ನಿಲ್ಲಿಸಿ ಬಹಳ ಹೊತ್ತು ನೋಡಿದೆ. ಚರಂಡಿಯಲ್ಲಿ ಬಂದ ಕೆನ್ನೀರು ಮೋರಿಯ ಬಾಯಿಗೆ ಮುಂಚೆ ಒಂದು ಚಿಕ್ಕ ಗುಂಡಿಗೆ ಬೀಳುತ್ತಿತ್ತು. ಮರಳು ಅಲ್ಲೇ ತಳಕ್ಕೆ ಕೂರುತ್ತಿತ್ತು, ಎಲೆಕಡ್ಡಿ ಅಂಚಿಗೆ ಸೇರಿಕೊಳ್ಳುತ್ತಿತ್ತು, ತಿಳಿಯಾದ ನೀರು ಮಾತ್ರ ದಾರಿಯ ಅಡಿಯಿಂದ ಆಚೆಗೆ ಹೋಗುತ್ತಿತ್ತು. ಆಚೆ ಬದಿಯಲ್ಲಿ ನೀರು ಬೀಳುವ ಜಾಗಕ್ಕೆ ಚಪ್ಪಡಿಗಳನ್ನು ಒಂದರ ಮೇಲೊಂದು ಜೋಡಿಸಿದ್ದರು, ಮಣ್ಣು ಕೊಚ್ಚದಿರಲೆಂದು. ಅಷ್ಟು ಮಳೆಯಲ್ಲೂ ನಾನು ನಿಂತಿದ್ದ ದಾರಿಯ ಮೇಲೆ ಒಂದು ಕೊರಕಲೂ ಬಿದ್ದಿರಲಿಲ್ಲ. ನಾಮದ ಚಿಲುಮೆಯ ಹಿಂದಿನ ದಾರಿಯಲ್ಲಿ ನೀವು ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು "ಮೊದಲು ನೀರಿಗೆ ದಾರಿ ಮಾಡಬೇಕು, ಆಮೇಲೆ ಮನುಷ್ಯನಿಗೆ" ಎಂದು ನನಗೂ ತಂಗಿಗೂ ತೋರಿಸಿಕೊಟ್ಟದ್ದು ಇದನ್ನೇ. ಅಲ್ಲಿ ವರ್ಷಕ್ಕೊಮ್ಮೆ ನೀವು ಆಳುಗಳನ್ನು ಕರೆದುಕೊಂಡು ಹೋಗಿ ಕೈಯಾರೆ ತೋಡಿಸುತ್ತಿದ್ದ ಚರಂಡಿಗಳು ಒಂದೇ ಮುಂಗಾರಿಗೆ ಮುಚ್ಚಿಹೋಗುತ್ತಿದ್ದವು. ಆ ಗುಂಡಿ ಮತ್ತು ಆ ಚಪ್ಪಡಿ, ಇವೆರಡು ಇದ್ದಿದ್ದರೆ ನಿಮ್ಮ ಅರ್ಧ ಶ್ರಮ ಉಳಿಯುತ್ತಿತ್ತೆಂದು ನನಗೆ ಅಲ್ಲಿ ನಿಂತಾಗ ಅನ್ನಿಸಿತು. ಚಿತ್ರ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ.

ಇನ್ನೊಂದು ವಿಷಯ ನಿಮಗೆ ಇಷ್ಟವಾಗುತ್ತದೆ. ಕಣಿವೆಯ ಮೇಲ್ಭಾಗದಲ್ಲಿ ಇರುವುದು ಕೆಂಪು ಮರಳುಗಲ್ಲು. ಬೈಯರ್ಸ್‌ಬ್ರೋನ್ ಸುತ್ತಮುತ್ತ ಕಾಡುದಾರಿಯ ಅಂಚು ನಮ್ಮ ಕೆಮ್ಮಣ್ಣಿನ ದಾರಿಯ ಬಣ್ಣವೇ. ಟೈರಿನ ಅಡಿಯಲ್ಲಿ ಸರಸರ ಎಂದು ಮೆತ್ತನೆಯ ಸದ್ದಾಗುತ್ತದೆ. ಶೋನ್‌ಮುಂತ್ಸಾಖ್ ಎಂಬ ಹಳ್ಳಿ ದಾಟಿ ಸ್ವಲ್ಪ ದೂರ ಇಳಿಯುವಷ್ಟರಲ್ಲಿ ಕಣಿವೆ ಇಕ್ಕಟ್ಟಾಗುತ್ತದೆ, ಕಲ್ಲು ಬೂದುಬಣ್ಣಕ್ಕೆ ತಿರುಗುತ್ತದೆ, ಸದ್ದು ಗಡುಸಾಗುತ್ತದೆ. ಅದು ಗ್ರಾನೈಟು, ನಮ್ಮ ಬೆಟ್ಟಗಳ ಜಾತಿಯ ಕಲ್ಲು. ಹೊಳೆಯ ನಡುವೆ ದೊಡ್ಡ ದೊಡ್ಡ ಗುಂಡುಗಳು ನುಣುಪಾಗಿ ಬಿದ್ದಿವೆ, ದುರ್ಗದ ಮೇಲಿನ ಗುಂಡುಗಳನ್ನು ಯಾರೋ ತಂದು ನೀರಿನಲ್ಲಿ ಇಟ್ಟ ಹಾಗೆ. ಅವುಗಳ ಸುತ್ತ ಬಳಸಿ ಹರಿಯುವ ನೀರನ್ನು ನೋಡುತ್ತಾ ಕುಳಿತಾಗ ನಮ್ಮ ಜಯಮಂಗಲಿಯನ್ನು ನೆನೆದು ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ದುರ್ಗದಲ್ಲಿ ಹುಟ್ಟುವ ಹೊಳೆ ನಮ್ಮ ಕಣ್ಣೆದುರೇ ಮರಳಿನ ಹಾಸಾಗಿ ವರ್ಷಗಳನ್ನು ಕಳೆದಿದೆ.

ಈ ಗುಂಡುಗಳ ನಡುವೆಯೇ ಹಿಂದೆ ಮರ ತೇಲಿಸಿ ಕಳಿಸುತ್ತಿದ್ದರಂತೆ. ಮರದ ವ್ಯಾಪಾರಕ್ಕಾಗಿ ಒಂದಾದವರ ಒಂದು ಸಂಘ ಈ ಕಣಿವೆಯಲ್ಲಿತ್ತು, ಮುರ್ಗ್‌ಶಿಫರ್‌ಶಾಫ್ಟ್ ಎಂದು ಅದರ ಹೆಸರು; 1488ರಲ್ಲೇ ಅದಕ್ಕೆ ಬರೆದ ಕಟ್ಟಳೆ ಇತ್ತು, ಇಂದಿಗೂ ಕಾಡಿನ ಒಡೆತನ ಉಳಿಸಿಕೊಂಡಿದೆ. ಬೆಟ್ಟದ ಹಳ್ಳಗಳಿಗೆ ಕಟ್ಟೆ ಹಾಕಿ ನೀರು ನಿಲ್ಲಿಸುವುದು, ದಿಮ್ಮಿಗಳನ್ನು ಹಳ್ಳಕ್ಕೆ ಉರುಳಿಸಿ ಕಟ್ಟೆಯ ಬಾಗಿಲನ್ನು ಒಮ್ಮೆಲೇ ತೆರೆಯುವುದು, ಆ ಪ್ರವಾಹದ ಜೊತೆ ಮರವೂ ಕೆಳಕ್ಕೆ ಬರುವಂತೆ ನೋಡಿಕೊಳ್ಳುವುದು, ಕೆಳಗಿನ ಬಯಲಿನಲ್ಲಿ ಅವನ್ನು ತೆಪ್ಪವಾಗಿ ಕಟ್ಟಿ ರೈನ್ ನದಿಯ ಮೂಲಕ ಹಾಲೆಂಡಿನವರೆಗೆ ಒಯ್ಯುವುದು, ಹೀಗಿತ್ತು ಅವರ ಕೆಲಸ.

ರೌಮುಂತ್ಸಾಖ್ ಎಂಬಲ್ಲಿಂದ ನಾನು ಹೊಳೆ ಬಿಟ್ಟು ಶ್ವಾರ್ಜೆನ್‌ಬಾಖ್ ಅಣೆಕಟ್ಟಿನ ಕಡೆಗೆ ಮುನ್ನೂರು ಮೀಟರಿನಷ್ಟು ಏರನ್ನು ಹತ್ತುತ್ತೇನೆ. 1922ರಿಂದ 1926ರವರೆಗೆ ಕಟ್ಟಿದ, ಸುಮಾರು 65 ಮೀಟರ್ ಎತ್ತರದ ಕಟ್ಟೆ ಅದು. ವಿದ್ಯುತ್ತು ಮಿಕ್ಕ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲಕ್ಕೆ ಪಂಪು ಮಾಡಿ, ಬೇಕಾದಾಗ ಅದನ್ನೇ ಮತ್ತೆ ಇಳಿಸಿ ವಿದ್ಯುತ್ತು ತೆಗೆಯುತ್ತಾರೆ. ಕೆರೆಯ ಸುತ್ತ ಸ್ಪ್ರೂಸ್ ಮತ್ತು ಫರ್ ಮರಗಳು ನೀರಿನ ಅಂಚಿನವರೆಗೂ ಇಳಿದಿವೆ, ಅವುಗಳ ನಡುವೆ ಬೀಚ್ ಮರಗಳ ಎಲೆ ಈಗ ಹಳದಿಯಾಗುತ್ತಿದೆ.

ಆ ಬೆಟ್ಟದ ಇಳಿಜಾರಿನಲ್ಲಿ ಆಗಸ್ಟಿನಲ್ಲಿ ನಾನೊಮ್ಮೆ ಬಿದ್ದೆ. ಆಗ ಹೇಳಲಿಲ್ಲ, ಅಮ್ಮ ಹೆದರಬಾರದು, ಈಗ ಗಾಯ ಪೂರ್ತಿ ಮಾಯಿದೆ. ಹೊಸದಾಗಿ ಜಲ್ಲಿ ಸುರಿದು ಇನ್ನೂ ರೋಲರ್ ಹೊಡೆಯದ ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದೆ, ಚಕ್ರ ಜಾರಿತು. ಎಡ ಮೊಣಕೈ, ಅಂಗೈ ತರಚಿದವು. ಪಕ್ಕದ ಹಳ್ಳದಲ್ಲಿ ತೊಳೆದುಕೊಂಡು, ದಾರಿಯಲ್ಲಿ ಬಂದ ಒಬ್ಬ ಹೆಂಗಸು ಕೊಟ್ಟ ಬ್ಯಾಂಡೇಜು ಸುತ್ತಿಕೊಂಡು ಮನೆಗೆ ಬಂದ ಮೇಲೂ ಅಂಗೈಯಿಂದ ಕಪ್ಪು ಎಳ್ಳಿನಂಥ ಏಳು ಕಲ್ಲಿನ ಚೂರು ತೆಗೆದೆ. ತಿರುವಿಗೆ ಮೊದಲೇ ವೇಗ ತಗ್ಗಿಸಿ ತಿರುವಿನೊಳಗೆ ಚಕ್ರವನ್ನು ಅದರ ಪಾಡಿಗೆ ಬಿಡಬೇಕು, ಲಾರಿಯ ಗಾಲಿ ಅದುಮಿದ ಗಟ್ಟಿ ಜಾಡಿನಲ್ಲೇ ಇರಬೇಕು, ತಿರುವಿನ ಹೊರ ಅಂಚಿನಲ್ಲಿ ಸಡಿಲ ಜಲ್ಲಿ ರಾಶಿಯಾಗಿರುತ್ತದೆ ಎಂಬುದನ್ನು ಅಂದಿನಿಂದ ಮರೆತಿಲ್ಲ.

ಕಾಡಿನ ಕಾನೂನು ಇಲ್ಲಿ ಬಿಗಿಯಾಗಿದೆ. ಈ ರಾಜ್ಯದ ಅರಣ್ಯ ಕಾಯ್ದೆಯ ಪ್ರಕಾರ 2 ಮೀಟರಿಗಿಂತ ಕಿರಿದಾದ ಕಾಲುದಾರಿಯಲ್ಲಿ ಸೈಕಲ್ ತುಳಿಯುವಂತಿಲ್ಲ. ಸೈಕಲ್ಲಿನವರಲ್ಲಿ ಬಹಳ ಜನಕ್ಕೆ ಇದು ಸರಿಬರುವುದಿಲ್ಲ. ನನಗೆ ಮಾತ್ರ ಸರಿ ಅನ್ನಿಸುತ್ತದೆ. ಜನ ನಡೆಯುವ ಇಕ್ಕಟ್ಟಿನ ದಾರಿಯಲ್ಲಿ ಮೇಲಿನಿಂದ ಸೈಕಲ್ ನುಗ್ಗಿ ಬಂದರೆ ನಡೆಯುವವರು ಎಲ್ಲಿಗೆ ಸರಿಯಬೇಕು? ಮರ ಕಡಿಯುವ ದಿನಗಳಲ್ಲಿ ದಾರಿಗೆ ಅಡ್ಡ ಪಟ್ಟಿ ಕಟ್ಟಿ ಪ್ರಾಣಾಪಾಯ ಎಂದು ಬರೆದಿರುತ್ತಾರೆ. ಅದು ಭಾನುವಾರವೇ ಆಗಿರಲಿ, ಒಳಗೆ ಸದ್ದೇ ಇಲ್ಲದಿರಲಿ, ನಾನು ವಾಪಸು ತಿರುಗುತ್ತೇನೆ. ಅರ್ಧ ಕಡಿದು ಇನ್ನೊಂದಕ್ಕೆ ಒರಗಿಕೊಂಡಿರುವ ಮರ ಯಾವ ಗಳಿಗೆಯಲ್ಲಿ ಬೀಳುತ್ತದೆಂದು ಹೇಳಲಾಗದು ಎಂದು ನಿಮ್ಮಿಂದಲೇ ಕೇಳಿದ್ದೇನೆ.

1999ರ ಡಿಸೆಂಬರ್ 26ರಂದು ಲೋಥರ್ ಎಂಬ ಬಿರುಗಾಳಿ ಬೀಸಿ ಈ ಬೆಟ್ಟಗಳಲ್ಲಿ ಲೆಕ್ಕವಿಲ್ಲದಷ್ಟು ಮರಗಳು ಉರುಳಿದವು. ಸಾಲಾಗಿ ನೆಟ್ಟ ಸ್ಪ್ರೂಸ್ ತೋಪುಗಳಿಗೇ ಹೆಚ್ಚಿನ ಹಾನಿಯಾಯಿತು, ಅದರ ಬೇರು ಆಳಕ್ಕೆ ಇಳಿಯುವುದಿಲ್ಲ. ನಮ್ಮ ಕಡೆ ಗುಡ್ಡಕ್ಕೆ ಗುಡ್ಡವನ್ನೇ ನೀಲಗಿರಿ ನೆಡಿಸಿದಾಗ ನೀವು ಮನೆಯಲ್ಲಿ ಬೇಸರದಿಂದ ಆಡುತ್ತಿದ್ದ ಮಾತು ನೆನಪಾಯಿತು. ಈಗ ಇಲ್ಲಿ ಬೀಚ್, ಫರ್ ಎಲ್ಲವನ್ನೂ ಕಲೆಸಿ ಬೆಳೆಸುತ್ತಿದ್ದಾರೆ. 2014ರಲ್ಲಿ ರಾಷ್ಟ್ರೀಯ ಉದ್ಯಾನವಾದ ಭಾಗದಲ್ಲಂತೂ ಬಿದ್ದ ಮರವನ್ನು ಬಹುಪಾಲು ಬಿದ್ದಲ್ಲೇ ಬಿಡುತ್ತಾರೆ. ಆ ಕೊಳೆತ ದಿಮ್ಮಿಯ ಬೆನ್ನ ಮೇಲೆಯೇ ಗೇಣುದ್ದದ ಸಸಿಗಳು ಸಾಲಾಗಿ ಎದ್ದಿರುವುದನ್ನು ಕಂಡೆ.

ಫೋರ್ಬಾಖ್‌ನಲ್ಲಿ ಸೂರು ಹೊದಿಸಿದ ಮರದ ಸೇತುವೆ ದಾಟಿದರೆ ಕಾಡು ಹಿಂದಾಗಿ ಊರುಗಳು ಹತ್ತಿರ ಹತ್ತಿರ ಬರುತ್ತವೆ. ಗೆರ್ನ್ಸ್‌ಬಾಖ್‌ನಲ್ಲಿ ಮಾತ್ರ ನಾನು ತಪ್ಪದೆ ನಿಲ್ಲುತ್ತೇನೆ. ಸೈಕಲ್ಲಿನ ಮೂಲಪುರುಷ ಕಾರ್ಲ್ ಡ್ರೈಸ್ ಹುಟ್ಟಿದ್ದು ನಾನಿರುವ ಈ ಕಾರ್ಲ್ಸ್‌ರೂಹೆಯಲ್ಲಿ, 1785ರಲ್ಲಿ. ಪೆಡಲ್ ಇಲ್ಲದ, ಕಾಲಿನಿಂದ ನೆಲ ಒದ್ದು ಓಡಿಸುವ ಎರಡು ಚಕ್ರದ ಮರದ ಗಾಡಿಯನ್ನು ಅವರು 1817ರ ಜೂನ್ 12ರಂದು ಮಾನ್‌ಹೈಮ್‌ನಲ್ಲಿ ಮೊದಲು ಓಡಿಸಿದರು. ಅದೇ ವರ್ಷ ಗೆರ್ನ್ಸ್‌ಬಾಖ್‌ನಿಂದ ಬೆಟ್ಟ ದಾಟಿ ಬಾಡೆನ್-ಬಾಡೆನ್‌ಗೆ ಹೋದರು. ಅಪ್ಪ, ಅವರು ಅರಣ್ಯ ಇಲಾಖೆಯ ಅಧಿಕಾರಿಯಾಗಿದ್ದವರು! ಇದನ್ನು ಓದಿದ ದಿನವೇ ನಿಮಗೆ ಬರೆಯಬೇಕೆಂದುಕೊಂಡೆ.

ಜನವರಿಯಲ್ಲಿ ಸಂಕ್ರಾಂತಿಗೆ ಮೊದಲೇ ಬರುತ್ತೇನೆ. ನಾಮದ ಚಿಲುಮೆಯಿಂದ ದುರ್ಗದ ಬುಡದವರೆಗೆ ನಿಮ್ಮ ಜೊತೆ ಒಂದು ದಿನ ಸೈಕಲ್ಲಿನಲ್ಲಿ ಹೋಗಬೇಕೆಂದು ಆಸೆ. ಕಾಡ್ಗಿಚ್ಚು ಹರಡದಂತೆ ತಡೆಯುವ ಫೈರ್‌ಲೈನ್ ಕೆಲಸ ನಡೆಯುವ ಕಾಲ ಅದು. ಒಳದಾರಿಗೆ ಬಿಡುತ್ತಾರೆಯೇ ಎಂದು ರೇಂಜ್ ಆಫೀಸಿನಲ್ಲಿ ವಿಚಾರಿಸಿ, ಬಿಡದಿದ್ದರೆ ಕಾಡಿನ ಅಂಚಿನ ಹಳ್ಳಿ ದಾರಿಯಲ್ಲೇ ಹೋಗೋಣ. ನಿಮ್ಮ ಸೈಕಲ್ಲಿಗೆ ಇಲ್ಲಿಂದಲೇ ಟೈರು ತರೋಣವೆಂದು ಅಂಗಡಿಯಲ್ಲಿ ಅಳತೆ ಹೇಳಿ ಕೇಳಿದೆ. ಅಗಲ ಒಂದೇ ಆದರೂ ನಿಮ್ಮ ರಿಮ್ಮಿನ ಅಳತೆ 635 ಮಿಲಿಮೀಟರ್, ನನ್ನದು 622. ಇಲ್ಲಿನದು ಅದಕ್ಕೆ ಕೂರುವುದಿಲ್ಲ. ಆದ್ದರಿಂದ ತುಮಕೂರಿಗೆ ಹೋದಾಗ ಎರಡು ಹೊಸ ಟೈರು, ಟ್ಯೂಬು ಹಾಕಿಸಿಡಿ, ಬ್ರೇಕಿನ ಕಟ್ಟೆಗಳನ್ನೂ ಬದಲಾಯಿಸಿ. ಗಾಳಿ ಮಾತ್ರ ನಾನು ಬಂದ ಮೇಲೆ ಹೊಡೆಯೋಣ.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ಮಗಳು